ಬ್ರಹ್ಮಪುರಿಯ ಇಟ್ಟಿಗೆ ಮನೆಗಳು

ಹಾರೂಗೇರಿಯವರಿಗೆ ಕೊಲ್ಲಾಪುರ ಪರ ಊರಲ್ಲ. ಆ ಊರಿನ ಪಂಚಗಂಗೆ ನರಸೋಬಾ ವಾಡಿಯಲ್ಲಿ ಕೃಷ್ಣೆಯನ್ನು ಕೂಡಿ ಉಗಾರ, ಕುಡಚಿಗಳ ಕಡೆಗೆ ಹರಿದು ಬರುತ್ತದೆ. ರಾಯಬಾಗವಂತೂ 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿತ್ತು. ಅದೇ ಪಂಚಗಂಗೆಯ ದಂಡೆಯ ದಿಬ್ಬವೊಂದರಲ್ಲಿ, ಗ್ರೀಕರು ಪೊಸೈಡನ್ ಎಂದೂ ರೋಮನ್ನರು ನೆಪ್ಚೂನ್ ಎಂದೂ ಕರೆದ ಸಮುದ್ರದೇವನ ಕಂಚಿನ ಪುಟ್ಟ ಮೂರ್ತಿ ಸಿಕ್ಕಿತೆಂದರೆ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ನಂಬಿಯಾರು?

ದಿಬ್ಬದ ಹೆಸರು ಬ್ರಹ್ಮಪುರಿ. 1940ರ ದಶಕದಲ್ಲಿ ಅಲ್ಲಿ ಉತ್ಖನನಕ್ಕೆ ಮೊದಲು ಕೈ ಹಾಕಿದವರಲ್ಲಿ ಒಬ್ಬರು ನಮ್ಮ ಬೆಳಗಾವಿ ಜಿಲ್ಲೆಯ ಕೌಜಲಗಿಯ ಪ್ರೊ. ಕೆ.ಜಿ. ಕುಂದಣಗಾರ. ರಾಜಾರಾಮ ಕಾಲೇಜಿನಲ್ಲಿ ಅವರು ಕಲಿಸುತ್ತಿದ್ದುದು ಕನ್ನಡ ಮತ್ತು ಅರ್ಧಮಾಗಧಿ. ಕನ್ನಡ ಓದಿದರೆ ಏನು ಸಿಕ್ಕೀತು ಎಂದು ಕೇಳುವ ಪಾಲಕರು ಈ ಮಾತನ್ನು ಗಮನಿಸಬೇಕು. ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಓದಿ 1939ರಲ್ಲಿ ಪ್ರಕಟಿಸಿದ ಕೈ, ಮುಂದೆ ಮಣ್ಣಿನ ಪದರಗಳನ್ನೂ ಓದಲು ಹೊರಟಿತು!

1945-46ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಎಚ್.ಡಿ. ಸಾಂಕಳಿಯಾ ಮತ್ತು ಎಂ.ಜಿ. ದೀಕ್ಷಿತ್ ಅಲ್ಲಿ ಉತ್ಖನನ ನಡೆಸಿ, 1952ರಲ್ಲಿ ವರದಿ ಹೊರತಂದರು. ಮೇಲೆ ಬಹಮನಿ ಕಾಲದ ವಸತಿ, ಕೆಳಗೆ ಸಾತವಾಹನರ ಕಾಲದ ಸುಟ್ಟ ಇಟ್ಟಿಗೆಯ ಮನೆಗಳು. ಆ ಹಳೆಯ ಊರು ಕೊಟ್ಟ ಕಂಚಿನ ಸರಕಿನಲ್ಲಿ ಸಮುದ್ರದೇವನಿದ್ದಾನೆ, ಸವಾರರನ್ನು ಹೊತ್ತ ಆನೆಯಿದೆ, ಇಟಲಿ ಮಾದರಿಯ ಹೂಜಿಯೂ ಇದೆ. ಆನೆ ಇಲ್ಲಿಯದು, ದೇವರು ಮತ್ತು ಹೂಜಿ ಸಮುದ್ರ ದಾಟಿ, ಘಟ್ಟ ಹತ್ತಿ ಬಂದವು. ಇಂಥ ಹೂಜಿಗಳನ್ನು ಬಳಸಿದ ಊರುಗಳಲ್ಲಿ ಒಂದು ಪಾಂಪೇ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಊರದು.

ಆ ಪಾಂಪೇಯ ಮನೆಗಳನ್ನು ಓದುವ ಬಗೆಯನ್ನೇ ಬದಲಿಸಿದವರು ಇಂಗ್ಲೆಂಡಿನ ವಿದ್ವಾಂಸ ಆಂಡ್ರೂ ವಾಲೇಸ್-ಹ್ಯಾಡ್ರಿಲ್. 1994ರ ಅವರ ಗ್ರಂಥ ಪಾಂಪೇ ಹಾಗೂ ನೆರೆಯ ಹರ್ಕ್ಯುಲೇನಿಯಮ್‌ನ 234 ಮನೆಗಳನ್ನು ಲೆಕ್ಕಕ್ಕೆ ಹಿಡಿಯಿತು. ಬರಿಯ ಅರಮನೆಯಂಥವುಗಳನ್ನಲ್ಲ, ಒಂದೆರಡು ಕೋಣೆಯ ಅಂಗಡಿ-ಮನೆಗಳನ್ನೂ. ಗೋಡೆಯ ಚಿತ್ರ ಎಷ್ಟು ಚೆಂದ ಎಂಬುದಕ್ಕಿಂತ, ಯಾರು ಎಲ್ಲಿಯವರೆಗೆ ಒಳಗೆ ಬರಬಹುದಿತ್ತು ಎಂಬುದು ಅವರಿಗೆ ಮುಖ್ಯವಾಯಿತು. ಸಿರಿವಂತ ರೋಮನ್ನನ ಮನೆಯ ನಡುವೆ ಮಾಡು ತೆರೆದ ಒಂದು ತೊಟ್ಟಿ, ಅದರ ಕೆಳಗೆ ಮಳೆನೀರಿನ ಕೊಳ. ಬೆಳಗಾಗುತ್ತಲೇ ಆಶ್ರಿತರು ಅಲ್ಲಿಗೆ ಬಂದು ಯಜಮಾನನಿಗೆ ವಂದಿಸಬೇಕು. ಇನ್ನೂ ಒಳಗಿನ ಊಟದ ಕೋಣೆಗೆ ಕರೆ ಬರುವುದು ಆಪ್ತರಿಗೆ ಮಾತ್ರ. ಗುಲಾಮರು ಎಲ್ಲೆಡೆ ಓಡಾಡುವರು, ಆದರೆ ಅವರು ಇದ್ದೂ ಇಲ್ಲದವರು.

ನಮ್ಮ ದೇಸಾಯರ ವಾಡೆಗಳನ್ನು ಕಂಡವರಿಗೆ ಇದು ಹೊಸದೆನಿಸದು. ಹೊರಗಿನ ಕಟ್ಟೆಯಲ್ಲೇ ನಿಲ್ಲಬೇಕಾದವರು ಯಾರು, ಪಡಸಾಲೆಯ ಜಮಖಾನೆಯ ಮೇಲೆ ಕೂಡುವವರು ಯಾರು, ಹಿತ್ತಲ ಬಾಗಿಲಿನಿಂದ ಬರುವವರು ಯಾರು? ಕಟ್ಟಡವೇ ಹೇಳಿಬಿಡುತ್ತಿತ್ತು. ಈಗ ಒಂದೊಂದೇ ವಾಡೆ ಕೆಡವಿ ಸಿಮೆಂಟಿನ ಮನೆ ಏಳುವಾಗ ಕಂಬ-ತೊಲೆಗಳಿಗೆ ಗಿರಾಕಿ ಸಿಗುತ್ತಾನೆ. ಮನೆಯ ನಕ್ಷೆಯನ್ನು ಯಾರೂ ಬರೆದಿಡುವುದಿಲ್ಲ.

ಬ್ರಹ್ಮಪುರಿಯ ಮಾತಿನಲ್ಲೂ ಹೀಗೇ ಆಯಿತು. ಕಂಚಿನ ದೇವರ ಬಗ್ಗೆ ದೇಶವಿದೇಶಗಳ ಪಂಡಿತರು ಬರೆದರು; ಅವನಿದ್ದ ಊರಿನ ಇಟ್ಟಿಗೆ ಮನೆಗಳಲ್ಲಿ ಹೇಗೆ ಬಾಳಿದರು ಎಂದು ಕೇಳಿದವರು ಕಡಿಮೆ. ಪರದೇಶದ ಹೂಜಿಯನ್ನು ಅತಿಥಿಗಳ ಮುಂದೆ ಇಡುತ್ತಿದ್ದರೋ, ಅಥವಾ ಅದು ಕಂಚುಗಾರನ ಅಂಗಡಿಯಲ್ಲಿ ಕರಗಿಸಲು ಬಿದ್ದಿತ್ತೋ? ಓದುವ ಹುಡುಗರಿಗೆ ಇಲ್ಲಿ ಇನ್ನೂ ಕೆಲಸವಿದೆ.

ಕುಂದಣಗಾರರನ್ನು ಕನ್ನಡಿಗರು ಪಂಪನ ಆದಿಪುರಾಣದ ಸಂಪಾದಕರೆಂದು, 1961ರ ಗದಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೆಂದು ಬಲ್ಲರು. ಬ್ರಹ್ಮಪುರಿಯ ಕೆಲಸ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಸಮುದ್ರದೇವ ಕೊಲ್ಲಾಪುರದ ಟೌನ್‌ಹಾಲ್ ವಸ್ತುಸಂಗ್ರಹಾಲಯದ್ದು. ಅಂಬಾಬಾಯಿಯ ದರ್ಶನಕ್ಕೆ ಮಕ್ಕಳನ್ನು ಕರೆದೊಯ್ಯುವವರು ಗುಡಿಯಿಂದ ಅತ್ತ ಕಡೆ ಒಂದು ಗಳಿಗೆ ಹೋಗಿ ಬರಬಹುದು.