ಎಂಟರ ಗೆರೆ

ಸುಮೊ ಜಟ್ಟಿಗೆ ವರ್ಷಕ್ಕೆ ಆರು ಪರೀಕ್ಷೆ. ಜನವರಿ, ಮೇ, ಸೆಪ್ಟೆಂಬರಿನಲ್ಲಿ ಟೋಕಿಯೊ, ಮಾರ್ಚಿನಲ್ಲಿ ಒಸಾಕಾ, ಜುಲೈಯಲ್ಲಿ ನಗೋಯಾ, ನವೆಂಬರಿನಲ್ಲಿ ಫುಕುಒಕಾ. ಒಂದೊಂದು ಪಂದ್ಯಾವಳಿಯೂ 15 ದಿನ. ಮೇಲಿನ ಎರಡು ವಿಭಾಗದವರು ದಿನಕ್ಕೊಂದು ಕುಸ್ತಿ ಹಿಡಿಯಬೇಕು. ಎಂಟು ಗೆದ್ದವರು ಸಾಮಾನ್ಯವಾಗಿ ಮೇಲೇರುತ್ತಾರೆ, ಏಳಕ್ಕೆ ನಿಂತವರು ಕೆಳಗಿಳಿಯುತ್ತಾರೆ.

ಕುಸ್ತಿ ಮುಗಿಯುವುದು ಬಹುಪಾಲು ಕೆಲವೇ ಸೆಕೆಂಡುಗಳಲ್ಲಿ. ನಾಲ್ಕೂವರೆ ಮೀಟರ್ ಅಗಲದ ಮಣ್ಣಿನ ಕಣದಿಂದ ಮೊದಲು ಹೊರಬಿದ್ದವನು ಸೋತ. ಅಂಗಾಲಲ್ಲದೆ ಮೈಯ ಬೇರೆ ಯಾವ ಭಾಗ ನೆಲಕ್ಕೆ ತಾಗಿದರೂ ಸೋಲೇ. ತೂಕದ ವರ್ಗಗಳಂತೂ ಇಲ್ಲವೇ ಇಲ್ಲ.

ಪ್ರತಿ ಪಂದ್ಯಾವಳಿಗೂ ಮುನ್ನ ಹೊಸ ಶ್ರೇಯಾಂಕ ಪಟ್ಟಿ ಹೊರಬೀಳುತ್ತದೆ. ಅದರ ಹೆಸರು ಬಾಂಝುಕೆ. ಇಂದಿಗೂ ಅದನ್ನು ಕುಂಚ ಹಿಡಿದು ಬರೆಯುವವರು ಕಣದ ತೀರ್ಪುಗಾರರೇ. ತುತ್ತತುದಿಯಲ್ಲಿರುವ ಯೊಕೊಝುನಾ ಹೆಸರು ದಪ್ಪಕ್ಷರದಲ್ಲಿ ಎದ್ದು ಕಾಣುತ್ತದೆ. ಕೆಳಕೆಳಗೆ ಹೋದಂತೆ ಅಕ್ಷರ ಸಣ್ಣದಾಗಿ, ಆರನೆಯ ಹಾಗೂ ಕೊನೆಯ ವಿಭಾಗದ ಹೊಸಬರ ಹೆಸರು ಕೂದಲೆಳೆಯಷ್ಟು ತೆಳ್ಳಗಾಗಿರುತ್ತದೆ. ಅದನ್ನು ಓದಲು ಭೂತಗನ್ನಡಿಯೇ ಬೇಕು.

ಗರಡಿಮನೆಯೊಳಗಿನ ಬದುಕೂ ಈ ಪಟ್ಟಿಯಂತೆಯೇ. ಮೇಲಿನವರು ಮೊದಲು ಸ್ನಾನ ಮಾಡಿ ಮೊದಲು ಉಣ್ಣುತ್ತಾರೆ. ಕಿರಿಯರು ಅಡುಗೆ ಮಾಡಿ, ಬಡಿಸಿ, ಉಳಿದದ್ದನ್ನು ಉಣ್ಣಬೇಕು. ತಿಂಗಳ ಸಂಬಳ ಶುರುವಾಗುವುದು ಎರಡನೆಯ ವಿಭಾಗವಾದ ಜೂರ್ಯೊದಿಂದ. ಅದರ ಕೆಳಗಿನ ನಾಲ್ಕು ವಿಭಾಗಗಳಿಗೆ ಸಿಗುವುದು ಊಟ, ವಸತಿ ಮತ್ತು ಪಂದ್ಯಾವಳಿಗೊಮ್ಮೆ ಒಂದಿಷ್ಟು ಭತ್ಯೆ.

ಈ ಏಣಿ ಎಷ್ಟು ನಿರ್ದಯಿ ಎಂಬುದನ್ನು ಮಂಗೋಲಿಯಾದ ತೆರುನೊಫುಜಿಯಷ್ಟು ಬಲ್ಲವರು ಕಡಿಮೆ. 2015ರ ಮೇ ತಿಂಗಳಲ್ಲಿ ಮೊದಲ ಪ್ರಶಸ್ತಿ ಗೆದ್ದು ಆತ ಒಝೆಕಿಯಾದ, ಅಂದರೆ ತುದಿಗೆ ಒಂದೇ ಮೆಟ್ಟಿಲು ಬಾಕಿ. ಆಮೇಲೆ ಮೊಣಕಾಲುಗಳು ಕೈಕೊಟ್ಟವು, ಸಕ್ಕರೆ ಕಾಯಿಲೆಯೂ ಸೇರಿಕೊಂಡಿತು. ಗಾಯಾಳು ಎಂದು ಪಟ್ಟಿ ಕರುಣೆ ತೋರುವುದಿಲ್ಲ. ಕಣಕ್ಕಿಳಿಯದ ದಿನಗಳೂ ಸೋಲಿನ ಲೆಕ್ಕಕ್ಕೇ. ಜಾರುತ್ತ ಜಾರುತ್ತ ಆತ ಐದನೆಯ ವಿಭಾಗಕ್ಕೆ ಬಂದು ಬಿದ್ದ. ಬಿಟ್ಟುಬಿಡುತ್ತೇನೆ ಎಂದು ಹಲವು ಸಲ ಕೇಳಿಕೊಂಡರೂ ಗುರು ಇಸೆಗಹಾಮಾ ಒಪ್ಪಲಿಲ್ಲ. ಸ್ವತಃ 63ನೆಯ ಯೊಕೊಝುನಾ ಆಗಿದ್ದವರು ಅವರು.

2019ರ ಮಾರ್ಚಿನಲ್ಲಿ ಮಾಜಿ ಒಝೆಕಿ ಹೊಸ ಹುಡುಗರ ನಡುವೆ ಕಣಕ್ಕಿಳಿದು ಆ ವಿಭಾಗದ ಏಳು ಕುಸ್ತಿಗಳಲ್ಲಿ ಏಳನ್ನೂ ಗೆದ್ದ. 2020ರ ಜುಲೈಯಲ್ಲಿ ಮೇಲಿನ ವಿಭಾಗದ ತಳದ ಸಾಲಿಗೆ ಮರಳಿ, ಅದೇ ಪಂದ್ಯಾವಳಿಯ ಪ್ರಶಸ್ತಿಯನ್ನೂ ಹೊಡೆದ. ಮರುವರ್ಷ 73ನೆಯ ಯೊಕೊಝುನಾ ಆದ. ಮತ್ತೊಬ್ಬ ಯೊಕೊಝುನಾ ಹಕುಹೊನ 45 ಪ್ರಶಸ್ತಿಗಳ ಎದುರು ತೆರುನೊಫುಜಿಯ ಹತ್ತು ಸಣ್ಣ ಸಂಖ್ಯೆಯೇ ಇರಬಹುದು, ಆದರೆ ಅಷ್ಟು ಕೆಳಗಿನಿಂದ ಎದ್ದು ಬಂದದ್ದು ಹಕುಹೊನ ದಾಖಲೆಗಳಿಗಿಂತ ಅಪರೂಪ.

ಏಳು–ಎಂಟರ ನಡುವಿನ ಕಂದಕ ಇಷ್ಟು ಆಳವಿದ್ದ ಮೇಲೆ ಆಮಿಷ ಹುಟ್ಟದಿದ್ದೀತೆ? ಡಗನ್ ಮತ್ತು ಲೆವಿಟ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಕೆದಕಿತು. ಕೊನೆಯ ದಿನ ಏಳು ಗೆಲುವು, ಏಳು ಸೋಲಿನ ಜಟ್ಟಿ, ಆಗಲೇ ಎಂಟು ಗೆದ್ದು ನಿಶ್ಚಿಂತನಾದವನನ್ನು ಹತ್ತರಲ್ಲಿ ಸುಮಾರು ಎಂಟು ಸಲ ಸೋಲಿಸುತ್ತಿದ್ದ. ಸುಮೊ ಸಂಘ ಇಂಥ ಆರೋಪಗಳನ್ನು ಅಲ್ಲಗಳೆಯುತ್ತಲೇ ಬಂತು. 2011ರಲ್ಲಿ ಜಟ್ಟಿಗಳ ಮೊಬೈಲ್ ಸಂದೇಶಗಳಲ್ಲೇ ಕುಸ್ತಿ ಮಾರಾಟದ ಮಾತುಕತೆ ಸಿಕ್ಕಿಬಿದ್ದು, ಆ ವರ್ಷದ ಒಸಾಕಾ ಪಂದ್ಯಾವಳಿಯೇ ರದ್ದಾಯಿತು.

ಎಂಟರ ಗೆರೆ ತಾಗದಿರುವುದು ಯೊಕೊಝುನಾಗೆ ಮಾತ್ರ. ಎಷ್ಟು ಸೋತರೂ ಹಿಂಬಡ್ತಿಯಿಲ್ಲ. ಹಾಗೆಂದು ಇದು ಸವಲತ್ತೇನಲ್ಲ: ಸ್ಥಾನಕ್ಕೆ ತಕ್ಕಂತೆ ಆಡಲಾಗದವನಿಗೆ ಉಳಿಯುವ ದಾರಿ ನಿವೃತ್ತಿಯೊಂದೇ. 2025ರ ಜನವರಿಯಲ್ಲಿ ಪಂದ್ಯಾವಳಿಯ ನಡುವೆಯೇ ತೆರುನೊಫುಜಿ ಆ ದಾರಿ ಹಿಡಿದ. ಅದೇ ಪಂದ್ಯಾವಳಿ ಗೆದ್ದ ಹೊಶೊರ್ಯು 74ನೆಯ ಯೊಕೊಝುನಾ ಆದ. ಮೇ ಪಂದ್ಯಾವಳಿಯ ಬೆನ್ನಿಗೆ ಒನೊಸಾಟೊ 75ನೆಯವನಾದ.

ಒನೊಸಾಟೊಗೆ ಅಲ್ಲಿಗೇರಲು ಬೇಕಾದದ್ದು ಬರೀ 13 ಪಂದ್ಯಾವಳಿ. ವಿಶ್ವವಿದ್ಯಾಲಯದ ಕುಸ್ತಿಯಲ್ಲಿ ಹೆಸರು ಮಾಡಿದ್ದರಿಂದ ಮೂರನೆಯ ವಿಭಾಗದಿಂದಲೇ ಆಟ ಶುರುಮಾಡುವ ಅವಕಾಶ ಆತನಿಗಿತ್ತು. 2024ರ ಮೇ ತಿಂಗಳಲ್ಲಿ ಮೊದಲ ಪ್ರಶಸ್ತಿ ಗೆದ್ದಾಗ, ಮೇಲಿನ ಜಟ್ಟಿಗಳು ಕಟ್ಟುವ ಗಿಂಕ್ಗೊ ಎಲೆಯಾಕಾರದ ಜುಟ್ಟಿಗೆ ಸಾಲುವಷ್ಟು ಕೂದಲು ಕೂಡ ಆತನಿಗೆ ಬೆಳೆದಿರಲಿಲ್ಲ.