ಓದುವುದನ್ನೂ ಕಲಿಸಬೇಕು

ಹಾಳೆಯ ಎಡಗಡೆ ಎರಡೂವರೆ ಇಂಚು ಬಿಟ್ಟು ಉದ್ದಕ್ಕೆ ಒಂದು ಗೆರೆ. ಬಲಗಡೆಯ ಅಗಲ ಜಾಗದಲ್ಲಿ ಮೇಷ್ಟ್ರು ಹೇಳಿದ್ದನ್ನು ಬರೆದುಕೊಳ್ಳಬೇಕು. ತರಗತಿ ಮುಗಿದ ಮೇಲೆ ಎಡಗಡೆಯ ಪಟ್ಟಿಯಲ್ಲಿ ಅದಕ್ಕೆ ತಕ್ಕ ಪ್ರಶ್ನೆಗಳನ್ನು ಬರೆಯಬೇಕು. ಆಮೇಲೆ ಬಲಗಡೆಯನ್ನು ಮುಚ್ಚಿಟ್ಟು, ಪ್ರಶ್ನೆ ನೋಡಿಕೊಂಡು ಬಾಯಿಬಿಟ್ಟು ಉತ್ತರ ಹೇಳಬೇಕು.

ಅಮೆರಿಕದ ಅನೇಕ ಕಮ್ಯುನಿಟಿ ಕಾಲೇಜುಗಳಲ್ಲಿ ಮೊದಲ ಸೆಮಿಸ್ಟರಿನವರಿಗೆ ನಡೆಯುವ ಪಾಠ ಇದು. ಗಣಿತ, ಇಂಗ್ಲಿಷ್ ತರಗತಿಗಳ ಪಕ್ಕದಲ್ಲೇ ಇದಕ್ಕೂ ಒಂದು ಪೀರಿಯಡ್ಡು, ಎಷ್ಟೋ ಕಡೆ ಕ್ರೆಡಿಟ್ಟೂ ಉಂಟು. ಟಿಪ್ಪಣಿ ಮಾಡಿಕೊಳ್ಳುವುದು, ನೌಕರಿಯ ನಡುವೆ ಓದಿಗೆ ಸಮಯ ಹೊಂದಿಸುವುದು, ಮೇಷ್ಟ್ರ ಕೊಠಡಿಗೇ ಹೋಗಿ ಸಂಶಯ ಕೇಳುವುದು, ಎಲ್ಲವೂ ಇಲ್ಲಿ ಪಾಠವೇ. ಓದಿದವರ ಮನೆಯಲ್ಲಿ ಬೆಳೆದ ಹುಡುಗನಿಗೆ ಇದನ್ನು ಯಾರೂ ಕೂರಿಸಿ ಹೇಳಬೇಕಿಲ್ಲ. ಅಕ್ಕ ಪರೀಕ್ಷೆಗೆ ಓದುವುದನ್ನು ನೋಡಿಯೇ ಅರ್ಧ ಬಂದಿರುತ್ತದೆ. ಮನೆತನದಲ್ಲೇ ಮೊದಲಿಗರಾಗಿ ಕಾಲೇಜು ಮೆಟ್ಟಿಲು ಹತ್ತಿದವರ ಕಷ್ಟ ಬೇರೆ. ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದು ಪಿಯುಸಿ ವಿಜ್ಞಾನದ ಕೊನೆಯ ಬೆಂಚಿನಲ್ಲಿ ಮೊದಲ ತಿಂಗಳು ಕಳೆದವರಿಗೆ ಅದನ್ನು ನಾನು ವಿವರಿಸಬೇಕಾಗಿಲ್ಲ.

ಈ ತರಗತಿ ಹುಟ್ಟಿದ್ದು ಒಂದೇ ಕಡೆ ಅಲ್ಲ. ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಅಮೆರಿಕದ ಮೊದಲ ಸರ್ಕಾರಿ ಜೂನಿಯರ್ ಕಾಲೇಜು ಆರಂಭವಾದಾಗ ಸೇರಿದವರು ಆರೇ ಜನ. ಹೈಸ್ಕೂಲಿಗೇ ಅಂಟಿಕೊಂಡಿದ್ದ ಆ ಪುಟ್ಟ ಕಾಲೇಜಿಗೆ ಇಂಥ ತರಗತಿಯ ಯೋಚನೆ ಬರುವ ಸಂದರ್ಭವೇ ಇರಲಿಲ್ಲ. ಅದಕ್ಕೆ ವೇಗ ತಂದದ್ದು ಯುದ್ಧ. ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯ ತನ್ನ ಯುವಕರನ್ನು ಅಲ್ಪಾವಧಿಯ ತರಬೇತಿಗೆಂದು ವಿಶ್ವವಿದ್ಯಾಲಯಗಳಿಗೆ ಕಳಿಸಿತು. ಕಲಿಯಬೇಕಾದದ್ದು ರಾಶಿ, ಇದ್ದ ಸಮಯ ಚೂರು. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಫ್ರಾನ್ಸಿಸ್ ರಾಬಿನ್ಸನ್ ಇಂಥವರಿಗೆ ಓದಿನ ಕ್ರಮ ಕಲಿಸುತ್ತಲೇ ಐದು ಹೆಜ್ಜೆಗಳ ಒಂದು ವಿಧಾನ ರೂಪಿಸಿದರು. 1946ರ ಅವರ ಪುಸ್ತಕದಿಂದ ಅದು ಪ್ರಸಿದ್ಧವಾಯಿತು. ಮೊದಲು ಇಡೀ ಪಾಠದ ಮೇಲೆ ಕಣ್ಣಾಡಿಸು. ತಲೆಬರಹಗಳನ್ನು ಪ್ರಶ್ನೆಗಳಾಗಿ ತಿರುಗಿಸು. ಉತ್ತರ ಹುಡುಕುತ್ತ ಓದು. ಪುಸ್ತಕ ಮುಚ್ಚಿ ನಿನ್ನ ಮಾತಿನಲ್ಲಿ ಹೇಳು. ಕೆಲ ಹೊತ್ತು ಬಿಟ್ಟು ಮತ್ತೆ ನೆನಪಿಸಿಕೋ. ನಾಲ್ಕನೆಯ ಹೆಜ್ಜೆ ಕೇಳಿದರೆ ನಮ್ಮ ಉರು ಹೊಡೆಯುವುದು ನೆನಪಾಗಬಹುದು, ಆದರೆ ಇಲ್ಲಿ ಪುಸ್ತಕದ ಮಾತು ಬಾಯಿಗೆ ಬಂದರೆ ಸಾಲದು, ಸ್ವಂತ ಮಾತೇ ಬರಬೇಕು. ಗೆರೆ ಎಳೆದ ಹಾಳೆ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಅವರದು. 1962ರಲ್ಲಿ ಅವರ ಪುಸ್ತಕ ಬಂದ ಮೇಲೆ ಆ ಹಾಳೆ ದೇಶವೆಲ್ಲ ತಿರುಗಿತು.

ಅಷ್ಟರಲ್ಲಿ ಕಾಲೇಜಿನ ಬಾಗಿಲೂ ಅಗಲವಾಗಿತ್ತು. 1944ರ ಕಾನೂನು ಯುದ್ಧದಿಂದ ಮರಳಿದವರ ಓದಿನ ಖರ್ಚು ಹೊತ್ತಿತು. ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರಲ್ಲಿ, ದೇಶದ ಶೇ 49ರಷ್ಟು ಜನರಿಗಾದರೂ ಹದಿನಾಲ್ಕು ವರ್ಷಗಳ ಓದು ಮುಗಿಸುವ ಬುದ್ಧಿಶಕ್ತಿ ಇದೆ ಎಂದು ಲೆಕ್ಕ ಹಾಕಿ, ಊರೂರಿಗೂ ಕಮ್ಯುನಿಟಿ ಕಾಲೇಜು ಬೇಕೆಂದಿತು. 1960ರ ದಶಕವೊಂದರಲ್ಲೇ 450ಕ್ಕೂ ಹೆಚ್ಚು ಕಾಲೇಜುಗಳು ತೆರೆದವು.

ಬಾಗಿಲು ತೆರೆಯಿತು, ಒಳಗೆ ನಡೆದದ್ದು ಮಾತ್ರ ನೋವಿನ ಸಂಗತಿ. ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಜೂನಿಯರ್ ಕಾಲೇಜನ್ನು ಹತ್ತಿರದಿಂದ ನೋಡಿ 1960ರಲ್ಲಿ ಒಂದು ಪ್ರಬಂಧ ಬರೆದರು. ಅಲ್ಲೂ ಹೊಸಬರಿಗೆ ಕಾಲೇಜಿನ ಪರಿಚಯ ಮಾಡಿಸುವ ಕಡ್ಡಾಯ ತರಗತಿ ಇತ್ತು. ಅದರ ಒಂದು ಕೆಲಸ, ಎಂಜಿನಿಯರ್ ಆಗುತ್ತೇನೆಂದು ಬಂದವನಿಗೆ ಪರೀಕ್ಷೆಗಳ ಅಂಕ ತೋರಿಸಿ, ಸಲಹೆಗಾರರ ಬಳಿ ಕೂರಿಸಿ, ಆಸೆಯನ್ನು ಮೆಲ್ಲಗೆ ಕೆಳಗಿಳಿಸುವುದು. ಯಾರೂ ಅವನನ್ನು ಹೊರದಬ್ಬುತ್ತಿರಲಿಲ್ಲ. ತನ್ನಿಂದಾಗದು ಎಂದು ಅವನೇ ಒಪ್ಪಿಕೊಳ್ಳುವಂತೆ ಆಗುತ್ತಿತ್ತು. ಕ್ಲಾರ್ಕ್ ಇದನ್ನು ‘ತಣ್ಣಗಾಗಿಸುವುದು’ ಎಂದು ಕರೆದರು. ಈ ತರಗತಿಯ ಚರಿತ್ರೆಯಲ್ಲಿ ನನ್ನನ್ನು ಬಹುಕಾಲ ಕಾಡಿದ ಪುಟ ಇದೇ.

ಹತ್ತು ವರ್ಷದಲ್ಲಿ ಗಾಳಿ ತಿರುಗಿತು. 1970ರಲ್ಲಿ ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯ ಹೈಸ್ಕೂಲು ಮುಗಿಸಿದ ನಗರದ ಎಲ್ಲರಿಗೂ ಪ್ರವೇಶ ತೆರೆಯಿತು. ಅಲ್ಲಿನ ಸಿಟಿ ಕಾಲೇಜಿನಲ್ಲಿ ಮೀನಾ ಶಾನೆಸಿ ಎಂಬ ಅಧ್ಯಾಪಕಿ, ಹೊಸಬರು ಪ್ರವೇಶದ ಹೊತ್ತಿಗೆ ಬರೆದ ಸುಮಾರು 4,000 ಪ್ರಬಂಧಗಳನ್ನು ಮುಂದಿಟ್ಟುಕೊಂಡು ಕೂತರು. ಕೆಂಪು ಮಸಿಯಲ್ಲಿ ಕಾಟು ಹಾಕಿ ಮುಗಿಸಬಹುದಾಗಿದ್ದ ತಪ್ಪುಗಳಲ್ಲಿ ಅವರು ತರ್ಕ ಹುಡುಕಿದರು. ಇವರು ದಡ್ಡರಲ್ಲ, ಬರವಣಿಗೆಗೆ ಹೊಸಬರು, ಹೊಸಬರು ಮಾಡುವ ತಪ್ಪುಗಳನ್ನೇ ಮಾಡುತ್ತಿದ್ದಾರೆ ಎಂದು 1977ರ ತಮ್ಮ ಪುಸ್ತಕದಲ್ಲಿ ತೋರಿಸಿಕೊಟ್ಟರು. ದಕ್ಷಿಣ ಕೆರೊಲೈನಾ ವಿಶ್ವವಿದ್ಯಾಲಯದ ದಾರಿ ಬೇರೆ. 1970ರ ಮೇ ತಿಂಗಳ ವಿದ್ಯಾರ್ಥಿ ಗಲಭೆ ಆಡಳಿತ ಕಚೇರಿಯೊಳಕ್ಕೇ ನುಗ್ಗಿತ್ತು. ಅದನ್ನು ಕಂಡ ಅಧ್ಯಕ್ಷ ಥಾಮಸ್ ಜೋನ್ಸ್ 1972ರಲ್ಲಿ ಮೊದಲ ವರ್ಷದವರಿಗೆಂದೇ ಒಂದು ತರಗತಿ ತೆರೆದರು. ಜಾನ್ ಗಾರ್ಡ್‌ನರ್ ಅದನ್ನು ಬೆಳೆಸಿ ದೇಶಕ್ಕೆಲ್ಲ ಮಾದರಿಯಾಗಿಸಿದರು. ಬಾಲ್ಟಿಮೋರಿನ ಕಮ್ಯುನಿಟಿ ಕಾಲೇಜಿನ ಅಧ್ಯಾಪಕ ಸ್ಕಿಪ್ ಡೌನಿಂಗ್ ಬರೆದ ‘ಆನ್ ಕೋರ್ಸ್’ ಪುಸ್ತಕ ಮುಂದೆ ಎಷ್ಟೋ ಕಾಲೇಜುಗಳಲ್ಲಿ ಪಠ್ಯವಾಯಿತು.

ಇದರಿಂದ ನಿಜಕ್ಕೂ ಉಪಯೋಗವಾಗುತ್ತದೆಯೇ? ಫ್ಲೋರಿಡಾದ ದಾಖಲೆಗಳನ್ನು ಅಧ್ಯಯನ ಮಾಡಿದ 2007ರ ವರದಿ, ಈ ತರಗತಿ ತೆಗೆದುಕೊಂಡವರು ಓದು ಮುಗಿಸುವ ಸಾಧ್ಯತೆ ಹೆಚ್ಚು ಎಂದಿತು. ಉತ್ಸಾಹಿಗಳೇ ಅದಕ್ಕೆ ಸೇರಿರಬಹುದಲ್ಲ ಎಂಬ ಅನುಮಾನ ಉಳಿಯಿತು. ಹಾಗಾಗಿ ಉತ್ತರ ಕೆರೊಲೈನಾದ ಗಿಲ್‌ಫರ್ಡ್ ಟೆಕ್ನಿಕಲ್ ಕಮ್ಯುನಿಟಿ ಕಾಲೇಜಿನಲ್ಲಿ ಯಾರು ಈ ತರಗತಿಗೆ, ಯಾರು ಇಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. ತಮ್ಮನ್ನು ತಾವು ಅರಿಯುವುದರಲ್ಲಿ, ನಿಭಾಯಿಸುವುದರಲ್ಲಿ ವಿದ್ಯಾರ್ಥಿಗಳು ಸುಧಾರಿಸಿದ್ದರು. ಒಟ್ಟಾರೆ ಅಂಕ, ಕ್ರೆಡಿಟ್ಟುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಕ್ಯಾಲಿಫೋರ್ನಿಯಾದ ಚಾಫಿ ಕಾಲೇಜಿನ ಅನುಭವ ಇನ್ನೂ ಬೋಧಪ್ರದ. ಅಂಕ ಕುಸಿದು ಎಚ್ಚರಿಕೆ ಪಡೆದಿದ್ದವರನ್ನು ಅಲ್ಲಿ ಮೊದಲು ‘ಬೇಕಿದ್ದರೆ ಬನ್ನಿ’ ಎಂದು ಕರೆದರು. ಸುಮಾರು ಅರ್ಧದಷ್ಟು ಜನ ಬರಲೇ ಇಲ್ಲ. ಮುಂದಿನ ಸಲ ‘ಬರಲೇಬೇಕು’ ಎಂದು ಹೇಳಿ, ತರಗತಿಯ ಜೊತೆಗೆ ಗಣಿತ, ಓದು, ಬರವಣಿಗೆಯ ಸಹಾಯ ಕೇಂದ್ರಗಳಿಗೆ ಹೋಗುವುದನ್ನೂ ಕೂಡಿಸಿದರು. ಎಚ್ಚರಿಕೆಯ ಪಟ್ಟಿಯಿಂದ ಹೊರಬಂದವರು ಹೆಚ್ಚುಕಡಿಮೆ ಇಮ್ಮಡಿಯಾದರು. ನಾಲ್ಕು ವರ್ಷದ ಬಳಿಕ ನೋಡಿದಾಗ ಆ ಲಾಭ ಕರಗಿಹೋಗಿತ್ತು. ನೆರವು ಎರಡು ಸೆಮಿಸ್ಟರಿಗೆ ಮುಗಿದಿತ್ತು, ಅವರ ಕಷ್ಟ ಮುಗಿದಿರಲಿಲ್ಲ. ತಪ್ಪು ಕೈಬಿಟ್ಟವರದು ಎಂದೇ ನನಗೆ ಅನ್ನಿಸುತ್ತದೆ.

ಕೈಬಿಡದೆ ನಡೆಸಿದ ಪ್ರಯೋಗ ಮತ್ತೆ ನ್ಯೂಯಾರ್ಕಿನದೇ. ಅಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ 2007ರಲ್ಲಿ ಆರಂಭವಾದ ಎಎಸ್‌ಎಪಿ ಯೋಜನೆಯಲ್ಲಿ ಓದಿನ ಕೌಶಲದ ತರಗತಿ ಒಂದು ಭಾಗ ಮಾತ್ರ. ಮೂರು ವರ್ಷದವರೆಗೆ ಒಬ್ಬ ಸಲಹೆಗಾರ, ಟ್ಯೂಷನ್, ಪಠ್ಯಪುಸ್ತಕಗಳು, ಹಣಕಾಸಿನ ನೆರವು ಸಾಲದೆ ಉಳಿದ ಶುಲ್ಕದ ಮನ್ನಾ ಎಲ್ಲವೂ ಸೇರಿವೆ. ಮತ್ತೆ ಚೀಟಿ ಎತ್ತಿ ಹೋಲಿಸಿದಾಗ, ಯೋಜನೆಯಲ್ಲಿದ್ದವರಲ್ಲಿ ಶೇ 40 ಮಂದಿ ಮೂರು ವರ್ಷದಲ್ಲಿ ಪದವಿ ಪಡೆದರು. ಹೊರಗಿದ್ದವರಲ್ಲಿ ಶೇ 22. ಬಸ್ಸು, ಸಬ್‌ವೇಗೆ ಮೆಟ್ರೊಕಾರ್ಡನ್ನೂ ಅವರಿಗೆ ಕೊಡುತ್ತಿದ್ದರು. ಅದು ಬೇಕಿದ್ದರೆ ಯೋಜನೆಯಲ್ಲಿ ಭಾಗವಹಿಸಬೇಕು, ಸಲಹೆಗಾರರನ್ನು ಕಾಣಬೇಕು. ಕಾರ್ಡಿಗೆಂದು ಹೋದ ಹುಡುಗಿಯನ್ನು ಅಲ್ಲಿ ಕುರ್ಚಿ ತೋರಿಸಿ ಕೂರಿಸಿಕೊಂಡು, ಗಣಿತ ಎಲ್ಲಿಗೆ ಬಂತಮ್ಮ ಎಂದು ಕೇಳಲು ಒಬ್ಬರು ಇರುತ್ತಿದ್ದರು.