ಕೇಳಿದ ದಿನದಿಂದ ಎಣಿಸುವ ವಯಸ್ಸು

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ಶಾಲಾಪೂರ್ವ ಕೇಂದ್ರದಲ್ಲಿ ಮಗುವಿನ ಜೊತೆ ಅಮ್ಮನೂ ಪಾಠಕ್ಕೆ ಕೂರುತ್ತಾಳೆ. ಅಮ್ಮ ಬರಲಾಗದಿದ್ದರೆ ಅಪ್ಪನೋ ಅಜ್ಜಿಯೋ ಬರಬೇಕು. ಶಿಕ್ಷಕಿ ಮಗುವಿಗೆ ಹೇಳಿಕೊಡುವಾಗಲೇ ಪಕ್ಕದಲ್ಲಿರುವ ದೊಡ್ಡವರೂ ಕಲಿಯುತ್ತಾರೆ. ಯಾವಾಗ ಮಾತಾಡಬೇಕು, ಎಷ್ಟು ಹೊತ್ತು ಸುಮ್ಮನೆ ಕಾಯಬೇಕು ಎಂಬುದೆಲ್ಲ ಅವರಿಗೂ ಪಾಠವೇ.

'ಆಯಿಷ್' ಎಂದೇ ಹೆಸರಾದ ಈ ಸಂಸ್ಥೆ ಆರಂಭವಾದದ್ದು 1965ರಲ್ಲಿ. ಕೇಂದ್ರ ಆರೋಗ್ಯ ಸಚಿವಾಲಯದ ಅನುದಾನದಲ್ಲಿ ನಡೆಯುತ್ತದೆ. ಶ್ರವಣದೋಷ, ಬುದ್ಧಿಮಾಂದ್ಯ, ಆಟಿಸಂ ಇರುವ ಮಕ್ಕಳಿಗೆ ಇಲ್ಲಿ ಬೇರೆ ಬೇರೆ ಗುಂಪುಗಳಿವೆ. ಈ ಪೈಕಿ ಕಿವಿ ಕೇಳಿಸದ ಪುಟ್ಟ ಮಕ್ಕಳ ಕಲಿಕೆ ಹೇಗೆ ಮುಂದುವರಿಯುತ್ತದೆ ಎಂಬುದನ್ನು ಪ್ರತಿ ಮನೆಯವರೂ ತಿಳಿದಿರಬೇಕು.

ಮಗುವಿಗೆ ಎರಡು ವಯಸ್ಸು

ಹುಟ್ಟಿದಾಗಿನಿಂದ ಕಿವಿ ಕೇಳಿಸದ ಮಗುವಿಗೆ ಎರಡು ವಯಸ್ಸು. ಒಂದು ಹುಟ್ಟಿದ ದಿನದಿಂದ ಎಣಿಸುವುದು, ಇನ್ನೊಂದು ಕೇಳತೊಡಗಿದ ದಿನದಿಂದ. ಮೂರು ವರ್ಷದ ಮಗುವಿಗೆ ಶ್ರವಣ ಸಾಧನ ಹಾಕಿ ಒಂದು ವರ್ಷವಾಗಿದ್ದರೆ ಅದರ ಕೇಳುವ ವಯಸ್ಸು ಒಂದೇ. ಒಂದು ವರ್ಷದ ಕೂಸು ಎಷ್ಟು ಮಾತಾಡೀತು? 'ಅಮ್ಮ', 'ತಾತ' ಎಂದರೆ ನಾವು ಹಿಗ್ಗುತ್ತೇವೆ. ಈ ಮಗುವಿನ ಮೊದಲ 'ಅಮ್ಮ'ನಿಗೂ ಅದೇ ಹಿಗ್ಗು ಸಲ್ಲಬೇಕು. ಪಕ್ಕದ ಮನೆಯ ಮೂರು ವರ್ಷದ ಮಗುವಿನೊಂದಿಗೆ ಹೋಲಿಸಿ ಕೊರಗುವುದು ಇಬ್ಬರಿಗೂ ಅನ್ಯಾಯ.

ಆ, ಈ, ಊ, ಶ್, ಸ್, ಮ್

ಅಮ್ಮಂದಿರು ಶ್ರವಣ ಸಾಧನವನ್ನು 'ಮಷಿನ್' ಎನ್ನುತ್ತಾರೆ. ದಿನದ ಮೊದಲ ಕೆಲಸ ಅದರ ತಪಾಸಣೆ. ಬ್ಯಾಟರಿ ಸರಿಯಿದೆಯೇ, ಕಿವಿಯೊಳಗೆ ಕೂರುವ ಅಚ್ಚು ಬಿಗಿಯಾಗಿದೆಯೇ ಎಂದು ನೋಡಬೇಕು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ. ಅಚ್ಚು ಸಡಿಲವಾದರೆ ಮಷಿನ್ 'ಕುಂಯ್' ಎಂದು ಶಿಳ್ಳೆ ಹಾಕುತ್ತದೆ. ಆಗ ಹೊಸ ಅಚ್ಚು ಮಾಡಿಸಬೇಕು.

ಆಮೇಲೆ ಆರು ಸದ್ದುಗಳ ಪರೀಕ್ಷೆ. ಕೆನಡಾದಲ್ಲಿ ಕಿವುಡು ಮಕ್ಕಳ ಶಿಕ್ಷಣಕ್ಕಾಗಿ ದುಡಿದ ಡೇನಿಯಲ್ ಲಿಂಗ್ ರೂಪಿಸಿದ್ದು ಇದು. ಆ, ಈ, ಊ, ಶ್, ಸ್, ಮ್ ಎಂಬ ಈ ಆರರಲ್ಲಿ ಮಾತಿನ ತಗ್ಗು ಸ್ವರದಿಂದ ಏರು ಸ್ವರದವರೆಗೆ ಎಲ್ಲವೂ ಬಂದುಬಿಡುತ್ತದೆ. ತುಟಿ ಕಾಣದಂತೆ ಬಾಯಿ ಮರೆಮಾಡಿಕೊಂಡು ಶಿಕ್ಷಕಿ ಒಂದೊಂದೇ ಸದ್ದು ಮಾಡುತ್ತಾರೆ. ಮಗು ಪ್ಲಾಸ್ಟಿಕ್ ಬಳೆಯೊಂದನ್ನು ಕಿವಿಯ ಬಳಿ ಹಿಡಿದು ಕಾಯುತ್ತದೆ, ಕೇಳಿಸಿದೊಡನೆ ಅದನ್ನು ಎದುರಿನ ಗೂಟಕ್ಕೆ ಹಾಕುತ್ತದೆ. 'ಊ' ಕೇಳಿಸಿ 'ಸ್' ಕೇಳಿಸದಿದ್ದರೆ ಮಷಿನ್ನಿನ ಹೊಂದಾಣಿಕೆಯನ್ನು ಮತ್ತೆ ನೋಡಬೇಕೆಂದು ಅರ್ಥ.

ಮೊದಮೊದಲು ಬಳೆ ಹಾಕುವ ಕೈ ಅಮ್ಮನದು. ಕ್ರಮೇಣ ಮಗು ತಾನೇ ಕೈ ಎತ್ತುತ್ತದೆ, ಆದರೆ ಸದ್ದಿಗೆ ಮುಂಚೆಯೇ ಹಾಕಿಬಿಡುತ್ತದೆ. ಒಂದು ದಿನ ಬಳೆ ಹಿಡಿದು ಅಲ್ಲಾಡದೆ ಕಾಯುತ್ತದೆ. ಹೊರಗಿನವರಿಗೆ ಏನೂ ನಡೆಯದಂತೆ ಕಾಣುವ ಆ ಗಳಿಗೆ ದೊಡ್ಡ ಮುನ್ನಡೆ. ಸದ್ದು ಇದೆಯೋ ಇಲ್ಲವೋ ಎಂದು ಗುರುತಿಸಿದ ಮೇಲೆ ಎರಡು ಸದ್ದುಗಳ ವ್ಯತ್ಯಾಸ, ಬಳಿಕ ಪದ, ಕೊನೆಗೆ ಮಾತಿನ ಅರ್ಥ. ಮೆಟ್ಟಿಲು ಹಾರಿದರೆ ಕಲಿಕೆ ಗಟ್ಟಿಯಾಗುವುದಿಲ್ಲ.

ಅಡುಗೆಮನೆಯ ಪಾಠ

ತರಗತಿ ಕೆಲವೇ ತಾಸು. ಉಳಿದ ದಿನವೆಲ್ಲ ಮನೆಯದು. ಚಪಾತಿ ಮಾಡುವಾಗ 'ಹಿಟ್ಟು ಕಲಸೋಣ, ಉಂಡೆ ಮಾಡು, ಈಗ ಲಟ್ಟಿಸು' ಎನ್ನುತ್ತ ಕೆಲಸದ ಜೊತೆಗೇ ಮಾತು ನಡೆಯಬೇಕು. ಬಿಡಿಪದ ಸಾಲದು. 'ಲೋಟಕ್ಕೆ', 'ಲೋಟದಲ್ಲಿ', 'ಲೋಟದಿಂದ' ಎಂಬಲ್ಲಿ ಕೊನೆಯ ಪ್ರತ್ಯಯ ಮೆಲ್ಲಗೆ ಉಚ್ಚಾರವಾಗಿ ಈ ಮಕ್ಕಳ ಕಿವಿಗೆ ತಪ್ಪಿಹೋಗುತ್ತದೆ. ಅದಕ್ಕೇ ಪೂರ್ತಿ ವಾಕ್ಯದಲ್ಲಿ, ಮತ್ತೆ ಮತ್ತೆ ಹೇಳಬೇಕು. ಸಂತೆಗೆ ಹೋದದ್ದು, ಮಳೆಯಲ್ಲಿ ನೆನೆದದ್ದನ್ನು ಚಿತ್ರ ಬರೆದು, ಕೆಳಗೆ ಎರಡು ಸಾಲು ಸೇರಿಸಿ ಪುಸ್ತಕ ಮಾಡಿದರೆ ಮಗು ಅದನ್ನು ತಿರುವುತ್ತ ನೆನಪಿಗೆ ಮಾತು ಕೂಡಿಸಿಕೊಳ್ಳುತ್ತದೆ.

ಕಾಯಬೇಡಿ

'ಅವರಪ್ಪನೂ ತಡವಾಗಿಯೇ ಮಾತಾಡಿದ್ದು' ಎಂಬ ಸಮಾಧಾನದಲ್ಲಿ ಎಷ್ಟೋ ಮಕ್ಕಳ ಅಮೂಲ್ಯ ಕಾಲ ಕಳೆದುಹೋಗುತ್ತದೆ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರರೊಳಗೆ ದೋಷದ ಖಚಿತ ಪತ್ತೆ, ಆರರೊಳಗೆ ಸಾಧನ ಮತ್ತು ತರಬೇತಿ ಎಂಬುದು ಜಗತ್ತಿನೆಲ್ಲೆಡೆ ಒಪ್ಪಿದ ಗುರಿ. ದೋಷವನ್ನು ಆರು ತಿಂಗಳೊಳಗೆ ಗುರುತಿಸಿದ ಮಕ್ಕಳ ಭಾಷೆ ಉಳಿದವರಿಗಿಂತ ಚೆನ್ನಾಗಿ ಬೆಳೆಯುತ್ತದೆ ಎಂದು ಅಮೆರಿಕದ ಕೊಲೊರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗಾ ಇಟಾನೊ ಮತ್ತು ಸಂಗಡಿಗರು 1998ರಲ್ಲಿ ತೋರಿಸಿಕೊಟ್ಟರು. ಶ್ರವಣ ಸಾಧನ, ಶಸ್ತ್ರಚಿಕಿತ್ಸೆಯಲ್ಲಿ ಒಳಗಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್‌ಗಳಿಗೆ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಅರ್ಹ ಕುಟುಂಬಗಳಿಗೆ ನೆರವಿದೆ. ಸಾಧನದಿಂದ ಸಾಕಷ್ಟು ಪ್ರಯೋಜನವಾಗದ ಮಕ್ಕಳಿಗೆ ಸನ್ನೆ ಭಾಷೆ ಕಲಿಸಲು ಹಿಂಜರಿಯಬಾರದು. ಯಾವ ದಾರಿಯಲ್ಲಾದರೂ ಮಗುವಿಗೆ ಭಾಷೆ ದಕ್ಕಲೇಬೇಕು.

ಈ ದುಡಿಮೆಯ ಹೊರೆಯನ್ನು ಹೆಚ್ಚಾಗಿ ಹೊರುವವರು ಅಮ್ಮಂದಿರು. ಕೆಲಸ ಬಿಟ್ಟು, ಊರು ಬಿಟ್ಟು, ಬಾಡಿಗೆ ಕೋಣೆ ಹಿಡಿದು ಮಗುವಿನ ಕಲಿಕೆಗೆ ನಿಲ್ಲುತ್ತಾರೆ. ಅಪ್ಪಂದಿರು ಅಚ್ಚು ಸ್ವಚ್ಛ ಮಾಡುವುದನ್ನು, ಆರು ಸದ್ದಿನ ಪರೀಕ್ಷೆಯನ್ನು ಕಲಿತರೆ, ಅತ್ತೆ ಮಾವ ಮಗುವಿನೊಡನೆ ಎದುರು ಕೂತು ಮಾತಾಡಿದರೆ, ಪ್ರತಿ ಜಿಲ್ಲೆಯಲ್ಲೂ ಇಂಥ ಕೇಂದ್ರವೊಂದು ಬಂದರೆ ಆ ಹೊರೆ ಇಳಿಯುತ್ತದೆ, ಮಗುವಿನ ಕಲಿಕೆಯೂ ಚುರುಕಾಗುತ್ತದೆ.